ಅಡಿಕೆ ಬೇಯಿಸುವ ಮುಂಚೆ ಅರಬ್ಬಿ ಸಮುದ್ರ ನೋಡುವುದು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯ ಆಚೀಚೆ, ಅಕ್ಟೋಬರ್‌ನಿಂದ ಜನವರಿವರೆಗೆ ಯಾರ ಮನೆಗೆ ಹೋದರೂ ಮಾತು ಎರಡೇ. ರಾಶಿ ಅಡಿಕೆಗೆ ದರ ಎಷ್ಟಾಯ್ತು? ಮೋಡ ಎಂತ ಹೇಳ್ತದೆ? ಮೊದಲನೆಯದನ್ನು ನನ್ನ ಹತ್ತಿರ ಯಾರೂ ಕೇಳುವುದಿಲ್ಲ, ಅದಕ್ಕೆ ಮಂಡಿಯವರಿದ್ದಾರೆ. ಎರಡನೆಯದಕ್ಕೆ ಮಾತ್ರ ಸಂಜೆಯಾದರೆ ಫೋನ್ ಶುರು. "ಅಕ್ಕಾ, ಸಮುದ್ರದಲ್ಲಿ ಎಂತಾದ್ರೂ ಎದ್ದಿದ್ಯಾ?"

ನಾನು ಹವಾಮಾನ ಇಲಾಖೆಯವಳಲ್ಲ. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುವಾಗ ಭೌತಶಾಸ್ತ್ರ ಇತ್ತು, ಆಮೇಲೆ ಮದುವೆಯಾಗಿ ಬಂದು ಅಡಿಕೆ ಅಂಗಳಕ್ಕೆ ಇಳಿದವಳು. ಇಂಟರ್ನೆಟ್ ಬಂದ ಮೇಲೆ ಉಪಗ್ರಹದ ಚಿತ್ರ, ಗಾಳಿಯ ನಕ್ಷೆ ಎಲ್ಲ ಕೈಗೆ ಸಿಕ್ಕಿದ್ದೇ ಈ ಹುಚ್ಚು ಹಿಡಿಯಿತು. ಮನೆಯವರು ಇದಕ್ಕೆ "ರಾತ್ರಿ ಪಾರಾಯಣ" ಅನ್ನುತ್ತಾರೆ.

ಆಗುಂಬೆ ಪಕ್ಕದ ತೋಟಕ್ಕೂ ಚಂಡಮಾರುತಕ್ಕೂ ಎಂತ ಸಂಬಂಧ ಅಂತ ಬಯಲುಸೀಮೆಯವರು ಕೇಳುತ್ತಾರೆ. ಹೆಂಚು ಹಾರಿಸುವ ಗಾಳಿ ನಮಗೆ ಬರುವುದು ಅಪರೂಪ, ನಿಜ. ನಮ್ಮ ಭಯ ಬೇರೆ. ಕೊನೆ, ಅಂದರೆ ಅಡಿಕೆ ಗೊನೆ, ಇಳಿಸಿದ ಮೇಲೆ ಹಸಿ ಅಡಿಕೆಯನ್ನು ಬೇಗ ಸುಲಿಯಬೇಕು, ಸುಲಿದದ್ದನ್ನು ಚೊಗರಿನಲ್ಲಿ (ಅಡಿಕೆ ಬೇಯಿಸಿದ ಕೆಂಪು ನೀರು) ಬೇಯಿಸಬೇಕು, ಬೇಯಿಸಿದ್ದು ಅಂಗಳಕ್ಕೋ ಚಪ್ಪರಕ್ಕೋ ಹೋಗಿ ಐದಾರು ಒಳ್ಳೆ ಬಿಸಿಲು ಕಾಣಬೇಕು. ಮೊದಲ ಎರಡು ಬಿಸಿಲು ತಪ್ಪಿದರೆ ಬೂಸ್ಟು ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ದರ ಇಲ್ಲ. ಹಾಗಂತ ಮಳೆ ಬರಬಹುದು ಎಂದು ಕೊನೆಯನ್ನು ಮರದಲ್ಲೇ ಬಿಟ್ಟು ಕೂತರೆ ಅದು ಬಲಿತು ಹಣ್ಣಾಗಿ ಗೋಟಾಗುತ್ತದೆ, ಬೇಯಿಸುವ ಕೆಂಪಡಿಕೆಗೆ ಬರುವುದಿಲ್ಲ. ಗದ್ದೆ ಇದ್ದವರಿಗೆ ಇನ್ನೊಂದು ತಲೆನೋವು: ಕೊಯ್ದ ಭತ್ತ ಗದ್ದೆಯಲ್ಲೇ ಮಲಗಿರುವಾಗ ಮಳೆ ಬಂದರೆ ಕಾಳು ಅಲ್ಲೇ ಮೊಳಕೆ. ಕೊನೆ ಕೊಯ್ಯುವವನೂ ಕೇಳುತ್ತಾನೆ, "ಅಮ್ಮಾ, ನಾಳೆ ಮರ ಹತ್ತೋದೋ ಬ್ಯಾಡ್ವೋ?" ಒದ್ದೆ ಮರ ಹತ್ತುವವನ ಪ್ರಶ್ನೆಗೆ "ನೋಡೋಣ" ಅನ್ನುವ ಉತ್ತರ ಸಾಲದು. ಈಗ ಫೈಬರ್ ದೋಟಿ ಬಂದಿದೆ, ಆದರೂ.

ಹಾಗಾಗಿ ನನ್ನ ಲೆಕ್ಕ ಟಿ.ವಿ.ಯವರ ಲೆಕ್ಕದಿಂದ ಬೇರೆ. ಅವರಿಗೆ ಚಂಡಮಾರುತ ಎಲ್ಲಿ ದಡ ಹತ್ತುತ್ತದೆ, ಗಾಳಿ ಎಷ್ಟು ವೇಗ, ಇವೆರಡು ಬೇಕು. ನಮಗೆ ಬೇಕಾದದ್ದು ಮೂರನೆಯದು: ಅದು ಹೋಗುವಾಗ ನಾವು ಅದರ ಯಾವ ಮಗ್ಗುಲಿಗೆ ಬೀಳುತ್ತೇವೆ? ಇಷ್ಟು ಹೇಳಲಿಕ್ಕೆ ದಾರಿಯೂ ಗೊತ್ತಿರಬೇಕು, ಬಲವೂ ಗೊತ್ತಿರಬೇಕು. ಆದರೆ ಅವೆರಡರಲ್ಲೇ ನಿಂತರೆ ಅಡಿಕೆ ಒದ್ದೆಯಾಗುತ್ತದೆ.

ಮೊದಲು ದಾರಿ. ಚಂಡಮಾರುತ ತಾನಾಗಿ ಎಲ್ಲಿಗೋ ಹೊರಡುವುದಿಲ್ಲ, ಸುತ್ತಲಿನ ದೊಡ್ಡ ಗಾಳಿಯ ಹರಿವು ಅದನ್ನು ಒಯ್ಯುತ್ತದೆ. ಅದರ ಉತ್ತರಕ್ಕೆ ಹೆಚ್ಚು ಒತ್ತಡದ ದಿಬ್ಬ ಗಟ್ಟಿಯಾಗಿ ಕೂತಿದ್ದರೆ ಅದು ಪಶ್ಚಿಮಕ್ಕೆ, ಒಮಾನ್ ಯೆಮೆನ್ ಕಡೆಗೆ ಹೋಗುತ್ತದೆ. ಉತ್ತರದಿಂದ ಪಶ್ಚಿಮ ಮಾರುತದ ಒಂದು ಕಣಿವೆ, ಅಂದರೆ ಕಡಿಮೆ ಒತ್ತಡದ ತಗ್ಗು, ಇಳಿದು ಬಂದು ಆ ದಿಬ್ಬವನ್ನು ಸೀಳಿದರೆ ಗುಜರಾತಿನ ಕಡೆ ತಿರುಗುತ್ತದೆ. ಎರಡು ದಿಬ್ಬಗಳ ನಡುವೆ ಸಿಕ್ಕಿಬಿದ್ದರೆ ನಿಂತಲ್ಲೇ ನಿಂತು ಎಲ್ಲರ ತಲೆ ಕೆಡಿಸುತ್ತದೆ. 2023ರ ಜೂನ್‌ನ ಬಿಪರ್ಜಾಯ್ ಹೀಗೆ ಮಾಡಿತು. ಶುರುವಿನ ದಿನಗಳಲ್ಲಿ ಹವಾಮಾನ ಲೆಕ್ಕ ಹಾಕುವ ಒಂದು ಕಂಪ್ಯೂಟರ್ ಮಾಡೆಲ್ ಒಮಾನ್ ಅಂದರೆ ಇನ್ನೊಂದು ಪಾಕಿಸ್ತಾನ, ಮತ್ತೊಂದು ಗುಜರಾತ್. ಕೊನೆಗೆ ಜೂನ್ 15ರ ಸಂಜೆಯ ಮೇಲೆ ಕಚ್ಛ್‌ನ ಜಖೌ ಬಂದರಿನ ಹತ್ತಿರ ದಡ ಹತ್ತಿತು. ಹುಟ್ಟಿ ಕರಗುವವರೆಗೆ ಸುಮಾರು 13 ದಿನ ಬದುಕಿದ್ದ ಗಟ್ಟಿ ಪಿಂಡ ಅದು. ಆ ವರ್ಷ ಮುಂಗಾರು ಜೂನ್ 8ಕ್ಕೆ ಕೇರಳ ಮುಟ್ಟಿತು ಅಂತ ಇಲಾಖೆ ಹೇಳಿತು, ಆದರೆ ನಮ್ಮಲ್ಲಿ ಜೂನ್ ಬಹುತೇಕ ಒಣಗಿಯೇ ಹೋಯಿತು. ಸಸಿಮಡಿಗೆ ನೀರು ಹೊತ್ತವರಿಗೆ ಆ ಹೆಸರು ಈಗಲೂ ನೆನಪಿದೆ.

ಈ ಗಾಳಿಯ ಹರಿವನ್ನು ಲೆಕ್ಕ ಹಾಕುವ ಮಾಡೆಲ್‌ಗಳಲ್ಲಿ ನಾನು ಮುಖ್ಯವಾಗಿ ನೋಡುವುದು ಅಮೆರಿಕದ ಜಿ.ಎಫ್.ಎಸ್. ಮತ್ತು ಯುರೋಪಿನದು. ನಮ್ಮ ಬೆಳಗಿನ ಐದೂವರೆ, ಸಂಜೆಯ ಐದೂವರೆಯ ಹೊತ್ತಿನ ವಾತಾವರಣವನ್ನು ತೆಗೆದುಕೊಂಡು ಓಡುವ ಲೆಕ್ಕಗಳು ಮುಖ್ಯ. ಸಂಜೆಯದು ಜಿ.ಎಫ್.ಎಸ್.ನಲ್ಲಿ ರಾತ್ರಿ ಒಂಬತ್ತರ ಮೇಲೆ ಬರತೊಡಗುತ್ತದೆ, ಯುರೋಪಿನದು ಹನ್ನೊಂದರ ಮೇಲೆ. ಕರೆಂಟು ಹೋಗಿರುತ್ತದೆ, ಯು.ಪಿ.ಎಸ್. ಕಿರುಗುಟ್ಟುತ್ತಿರುತ್ತದೆ, ಅಡಿಗೆಮನೆಯ ಕಿಟಕಿಯಲ್ಲಿ ಮಾತ್ರ ಸಿಗ್ನಲ್ಲು. ಪಾರಾಯಣ ಅಂದರೆ ಇದೇ.

ಒಂದೇ ಗೆರೆಯನ್ನು ನಂಬಬಾರದು. ಆರಂಭದ ಅಂಕಿಗಳನ್ನು ಒಂದಿಷ್ಟು ಆಚೀಚೆ ಮಾಡಿ ಅದೇ ಮಾಡೆಲನ್ನು ಮತ್ತೆ ಮತ್ತೆ ಓಡಿಸುತ್ತಾರೆ. ಯುರೋಪಿನವರು ಹಾಗೆ 50 ಸಲ, ಅಮೆರಿಕದವರು 30 ಸಲ. ಎಲ್ಲ ಗೆರೆಗಳನ್ನೂ ಒಂದೇ ನಕ್ಷೆಯಲ್ಲಿ ಬಿಡಿಸಿದರೆ ಒರಳಿನಿಂದ ಶ್ಯಾವಿಗೆ ಇಳಿದ ಹಾಗೆ ಕಾಣುತ್ತದೆ. ಎಳೆಗಳು ಒತ್ತಾಗಿ ಒಂದೇ ಕಡೆ ಹೋದರೆ ಧೈರ್ಯವಾಗಿ ಮಾತಾಡಬಹುದು. ಎರಡು ಗೊಂಚಲಾಗಿ ಒಡೆದರೆ ನಡುವಿನ ದಾರಿ ಹಿಡಿಯುವುದು ಬಹಳ ಜನ ಮಾಡುವ ಕೆಲಸ, ಮತ್ತು ಅದೇ ಕೆಟ್ಟ ಊಹೆ. ಗುಜರಾತಿಗೆ ಅರ್ಧ, ಒಮಾನಿಗೆ ಅರ್ಧ ಎಳೆ ಹೋದರೆ ನಡುವಿನ ಖಾಲಿ ಸಮುದ್ರಕ್ಕೆ ಅದು ಹೋಗುವ ಸಂಭವವೇ ಕಡಿಮೆ. ಆಗ ಎರಡೂ ದಾರಿಯನ್ನು ಬರೆದಿಟ್ಟು, ಯಾವುದಕ್ಕೆ ಎಷ್ಟು ಪಾಲು ಎಂದು ಹಾಕಿ, ಮಾರನೇ ದಿನ ಯಾವ ಗೊಂಚಲು ತೆಳುವಾಯಿತು ನೋಡಬೇಕು.

ಇಲಾಖೆಯ ನಕ್ಷೆಯಲ್ಲಿ ಮುಂದೆ ಮುಂದೆ ಅಗಲವಾಗುತ್ತ ಹೋಗುವ ಬಣ್ಣದ ಶಂಕು ಇರುತ್ತದಲ್ಲ, ಅದನ್ನು ಚಂಡಮಾರುತದ ಗಾತ್ರ ಎಂದುಕೊಂಡವರೇ ಜಾಸ್ತಿ. ಅದು ಕೇಂದ್ರ ಎಲ್ಲೆಲ್ಲಿ ಇರಬಹುದು ಎನ್ನುವುದರ ಹರವು, ಅಷ್ಟೆ. ಅಮೆರಿಕದವರ ಶಂಕುವಂತೂ ಹಿಂದಿನ ವರ್ಷಗಳ ತಪ್ಪನ್ನು ಅಳೆದು, ಮೂರರಲ್ಲಿ ಎರಡು ಸಲ ಕೇಂದ್ರ ಅದರೊಳಗೆ ಬೀಳುವಷ್ಟು ಅಗಲಕ್ಕೆ ಎಳೆದದ್ದು. ಅಂದರೆ ಮೂರರಲ್ಲಿ ಒಂದು ಸಲ ಹೊರಗೆ. ಮಳೆಯಂತೂ ಶಂಕುವನ್ನು ಓದಿಕೊಂಡು ಬರುವುದಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಪ್ರತಿ ಅಕ್ಟೋಬರ್‌ಗೆ ಒಂದು ಕೆಂಪು ಸುಳಿಯ ಚಿತ್ರ ಬರುತ್ತದೆ, "ಇನ್ನು ಹತ್ತು ದಿನಕ್ಕೆ ಮಂಗಳೂರಿಗೆ ಭಾರೀ ಸೈಕ್ಲೋನ್" ಎಂದು. ಅದು ಯಾವುದೋ ಒಂದು ಹೊತ್ತಿನ, ಒಂದೇ ಮಾಡೆಲಿನ, ಒಂದೇ ಗೆರೆ. ಆರು ಗಂಟೆ ಬಿಟ್ಟು ಮುಂದಿನ ಲೆಕ್ಕ ನೋಡಿದರೆ ಸುಳಿಯೇ ಇರುವುದಿಲ್ಲ. ಹತ್ತು ದಿನದಾಚೆ ಹೇಳಬಹುದಾದದ್ದು ಇಷ್ಟೇ: ಸಮುದ್ರದ ಈ ಭಾಗದಲ್ಲಿ ಒಂದು ವಾಯುಭಾರ ಕುಸಿತ ಹುಟ್ಟುವ ಸಂಭವ ಮಾಮೂಲಿಗಿಂತ ಹೆಚ್ಚು. ಅಂಥ ಚಿತ್ರ ಕಳಿಸಿದವರಿಗೆ ನಾನು ಉತ್ತರ ಕೊಡುವುದಿಲ್ಲ. ನನಗೆ ಸೊಕ್ಕು ಎಂದು ಒಂದಿಬ್ಬರು ಹೇಳಿಕೊಂಡು ತಿರುಗಿದ್ದೂ ಗೊತ್ತು. ಇರಲಿ. ನಮ್ಮ ಇಲಾಖೆಯ ಒಂದು ದಿನ ಮುಂಚಿನ ದಾರಿಯ ಊಹೆಯಲ್ಲಿ ಈಗ ಸರಾಸರಿ ತಪ್ಪು 100 ಕಿ.ಮೀ.ಗೂ ಕಡಿಮೆ. ಅಷ್ಟು ಚೆನ್ನಾಗಿ ಮಾಡುವವರನ್ನು ಬಿಟ್ಟು ಕೆಂಪು ಸುಳಿ ಹಂಚುವವರನ್ನು ಯಾಕೆ ನಂಬಬೇಕು?

ಬಲದ ವಿಷಯಕ್ಕೆ ಬಂದರೆ ಆಟ ಕಷ್ಟವಾಗುತ್ತದೆ. ದಾರಿ ಸಾವಿರಾರು ಕಿ.ಮೀ. ಹರಡಿದ ಗಾಳಿಯ ಮಾತು. ಬಲ ಹಾಗಲ್ಲ, ಚಂಡಮಾರುತದ ಕಣ್ಣಿನ, ಅಂದರೆ ನಡುವಿನ ಶಾಂತ ಜಾಗದ, ಸುತ್ತಲಿನ ಕೆಲವೇ ಹತ್ತು ಕಿ.ಮೀ. ಮೋಡದ ಗೋಡೆಯಲ್ಲಿ ಏನಾಗುತ್ತಿದೆ ಎನ್ನುವುದರ ಮಾತು. ಹಾಗಾಗಿ ಕೆಲವು ದಶಕಗಳಲ್ಲಿ ದಾರಿಯ ತಪ್ಪು ಎಷ್ಟು ಇಳಿಯಿತೋ ಬಲದ ತಪ್ಪು ಅಷ್ಟು ಇಳಿದಿಲ್ಲ. 2023ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋದ ಪಶ್ಚಿಮ ಕರಾವಳಿಯ ಓಟಿಸ್ ಎಂಬ ಹರಿಕೇನ್ (ಚಂಡಮಾರುತಕ್ಕೆ ಆ ಕಡೆಯ ಹೆಸರು) ಇದಕ್ಕೆ ಸಾಕ್ಷಿ. ಸಾಧಾರಣ ಬಿರುಗಾಳಿ ಮಟ್ಟದಲ್ಲಿದ್ದದ್ದು ಒಂದೇ ಹಗಲು ರಾತ್ರಿಯಲ್ಲಿ ಎಲ್ಲಕ್ಕಿಂತ ಮೇಲಿನ ಐದನೇ ವರ್ಗಕ್ಕೆ ಏರಿ, 25ರಂದು ಆಕಪುಲ್ಕೊ ನಗರದ ಮೇಲೆ ಬಿತ್ತು. ಮುಖ್ಯ ಮಾಡೆಲ್‌ಗಳು ಯಾವುವೂ ಅದನ್ನು ಮುಂಚೆ ಹೇಳಲಿಲ್ಲ. 24 ಗಂಟೆಯಲ್ಲಿ ಗಾಳಿ 30 ನಾಟ್, ಅಂದರೆ ಗಂಟೆಗೆ ಸುಮಾರು 55 ಕಿ.ಮೀ. ಏರಿದರೆ ಅದನ್ನು ದಿಢೀರ್ ಏರಿಕೆ ಎನ್ನುತ್ತಾರೆ; ಓಟಿಸ್ ಅದರ ಮೂರು ಪಟ್ಟು ಏರಿತು. ನಮ್ಮ ಕಡೆ 2017ರ ನವೆಂಬರ್ ಕೊನೆಯ ಓಖಿ ಇದೆ. ಕನ್ಯಾಕುಮಾರಿಯ ಹತ್ತಿರ, ದಡದ ಪಕ್ಕದಲ್ಲೇ ಗಬಕ್ಕನೆ ಬಲಿತಿತು. ಆಗಲೇ ಆಳ ಸಮುದ್ರಕ್ಕೆ ಹೋಗಿದ್ದ ಮೀನುಗಾರರಲ್ಲಿ ಎಷ್ಟೋ ಜನ ವಾಪಸು ಬರಲಿಲ್ಲ.

ಬಲ ಅಂದಾಜು ಮಾಡಲು ನಾನು ನೋಡುವುದು ಮೂರ್ನಾಲ್ಕು ಸಂಗತಿ. ಸಮುದ್ರದ ಮೇಲ್ಮೈ 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು. ನಮ್ಮ ಅರಬ್ಬಿ ಸಮುದ್ರ ಮೇ ತಿಂಗಳಲ್ಲೂ ಅಕ್ಟೋಬರ್ ನವೆಂಬರ್‌ನಲ್ಲೂ ಅದಕ್ಕಿಂತ ಬಿಸಿಯೇ ಇರುತ್ತದೆ, ಹಾಗಾಗಿ ಅದೊಂದನ್ನೇ ನೋಡಿ ಹೆದರುವುದರಲ್ಲಿ ಅರ್ಥವಿಲ್ಲ. ಮುಖ್ಯವಾದದ್ದು ಶಿಯರ್: ಕೆಳಗಿನ ಗಾಳಿ ಒಂದು ಕಡೆ, ಹತ್ತು ಹನ್ನೆರಡು ಕಿ.ಮೀ. ಮೇಲಿನ ಗಾಳಿ ಇನ್ನೊಂದು ಕಡೆ ಜೋರಾಗಿ ಎಳೆದರೆ ಮೋಡದ ತಲೆ ಒಂದು ಕಡೆ, ಬುಡ ಒಂದು ಕಡೆ ಆಗಿ ಅದು ಬೆಳೆಯುವುದಿಲ್ಲ. ಜುಲೈ ಆಗಸ್ಟ್‌ನಲ್ಲಿ ಸಮುದ್ರ ಅಷ್ಟು ಕೆರಳಿದ್ದರೂ ಚಂಡಮಾರುತ ಏಳದಿರುವುದು ಈ ಕಾರಣಕ್ಕೇ. ಮೂರನೆಯದು ಅರೇಬಿಯಾ ಮರುಭೂಮಿಯ ಒಣಗಾಳಿ. ಅದು ಸುತ್ತಿಕೊಂಡು ಒಳಗೆ ಹೊಕ್ಕರೆ ಎಂಥ ಬಲವಾದದ್ದೂ ಸೊರಗುತ್ತದೆ. ಇದರ ಹಿಂದೆ ಹಿಂದೂ ಮಹಾಸಾಗರದ ಪೂರ್ವ ತಣ್ಣಗೆ, ಪಶ್ಚಿಮ ಬೆಚ್ಚಗೆ ಆಗುವ ಡೈಪೋಲ್ ಬೇರೆ. 2019ರಲ್ಲಿ ಅದು ಭಯಂಕರ ಬಲವಾಗಿತ್ತು. ಆ ವರ್ಷ ಅರಬ್ಬಿ ಸಮುದ್ರ ಒಂದರಲ್ಲೇ ವಾಯು, ಹಿಕ್ಕಾ, ಕ್ಯಾರ್, ಮಹಾ, ಪವನ್ ಅಂತ ಐದು ಎದ್ದವು.

ಎದ್ದ ಮೇಲೆ ಎಷ್ಟು ಬಲ ಎನ್ನುವುದಕ್ಕೆ ಸಮುದ್ರದ ಮಧ್ಯೆ ಅಳೆಯುವ ಯಂತ್ರ ಇಟ್ಟವರಾರು? ಅದಕ್ಕೆ ವರ್ನನ್ ಡ್ವೊರಾಕ್ ಎಂಬ ಅಮೆರಿಕದ ವಿಜ್ಞಾನಿ 1970ರ ದಶಕದಲ್ಲಿ ಒಂದು ಉಪಾಯ ಮಾಡಿದರು: ಉಪಗ್ರಹದ ಚಿತ್ರದಲ್ಲಿ ಮೋಡದ ಆಕಾರ ನೋಡಿ ಅಂಕ ಕೊಡುವುದು. ಇಂದಿಗೂ ನಮ್ಮ ಇಲಾಖೆಯ ದಿಲ್ಲಿಯ ಬುಲೆಟಿನ್‌ನಲ್ಲಿ ಟಿ 2.5, ಟಿ 4.0 ಅಂತ ಬರುವುದು ಅದೇ. ನಮ್ಮ ಇನ್ಸಾಟ್ ಉಪಗ್ರಹದ ಚಿತ್ರ ಅರ್ಧ ಗಂಟೆಗೊಂದು ಬರುತ್ತದೆ, ರಾತ್ರಿಯೂ ಕಾಣುವ ಇನ್ಫ್ರಾರೆಡ್ ಚಿತ್ರ ಸಾಕು. ಮೋಡದ ಪಟ್ಟಿ ಕೇಂದ್ರದ ಸುತ್ತ ಅರ್ಧ ಸುತ್ತು ಬಂದಿದ್ದರೆ 2.5ರ ಆಸುಪಾಸು, ಅಂದರೆ 35 ನಾಟ್, ಹೆಸರಿಡುವ ಮಟ್ಟ. ಪೂರ್ತಿ ಸುತ್ತು ಬಂದರೆ 3.5 ದಾಟಿ 4ರ ಹತ್ತಿರ, 65 ನಾಟ್. ಕಣ್ಣು ತೆರೆಯಿತೋ, ಇನ್ನೂ ಮೇಲೆ. ಅಂಕ ಹಾಕಿಟ್ಟು ಆಮೇಲೆ ಬುಲೆಟಿನ್ ತೆರೆದು ಹೋಲಿಸುವುದು ನನಗೆ ಪದಬಂಧಕ್ಕಿಂತ ಹೆಚ್ಚು ಖುಷಿ ಕೊಡುವ ಕೆಲಸ. ಇಲ್ಲಿ ಒಂದು ಮೋಸ ಇದೆ, ಹೊಸಬರು ಗಮನಿಸಬೇಕು: ನಮ್ಮ ಇಲಾಖೆ ಮೂರು ನಿಮಿಷದ ಸರಾಸರಿ ಗಾಳಿ ಹೇಳುತ್ತದೆ, ಅಮೆರಿಕದ ನೌಕಾಪಡೆಯವರ ಕೇಂದ್ರ ಒಂದು ನಿಮಿಷದ್ದು. ಅವರ ಅಂಕಿ ಸಾಮಾನ್ಯವಾಗಿ ದೊಡ್ಡದೇ ಕಾಣುತ್ತದೆ. "ಇಲಾಖೆ ಕಮ್ಮಿ ಹೇಳಿ ಮುಚ್ಚಿಡ್ತಿದೆ" ಎನ್ನುವ ಗುಸುಗುಸು ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ.

ಈಗ ಮಗ್ಗುಲಿನ ಮಾತು. ಭೂಮಧ್ಯರೇಖೆಯ ಉತ್ತರಕ್ಕೆ ಚಂಡಮಾರುತಗಳೆಲ್ಲ ಎಡಸುತ್ತು, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಸುತ್ತುತ್ತವೆ. ಅಷ್ಟು ಗೊತ್ತಿದ್ದರೆ ನಮ್ಮ ಘಟ್ಟದ ಲೆಕ್ಕವನ್ನು ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಬಹುದು, ನಾನು ಹಾಗೇ ತೋರಿಸುವುದು. ಕೇಂದ್ರ ನಮಗೆ ವಾಯವ್ಯದಲ್ಲಿ, ರತ್ನಾಗಿರಿ ಗೋವಾ ಆಚೆಯ ಸಮುದ್ರದಲ್ಲಿದ್ದರೆ, ನಮ್ಮ ಪಾಲಿಗೆ ಬರುವುದು ನೈಋತ್ಯದ ಗಾಳಿ. ಸಮುದ್ರದಿಂದ ನೇರ ಬಂದು, ಸೋಮೇಶ್ವರದಲ್ಲಿ ಘಟ್ಟದ ಬುಡಕ್ಕೆ ಬಡಿದು, ಘಟ್ಟ ಹತ್ತಿ, ತಂಪಾಗಿ ಸುರಿಯುತ್ತದೆ. ನಮಗೆ ಅತಿ ಕೆಟ್ಟ ಮಗ್ಗುಲುಗಳಲ್ಲಿ ಇದೊಂದು. ಕೇಂದ್ರ ಚೆನ್ನೈ ಎದುರಿನ ಬಂಗಾಳಕೊಲ್ಲಿಯಲ್ಲಿದ್ದರೆ ನಮಗೆ ಈಶಾನ್ಯದ ಒಣಗಾಳಿ. ಮೋಡ ಕಾಣುತ್ತದೆ, ಚಳಿ ಹಿಡಿಯುತ್ತದೆ, ಅಡಿಕೆ ಮಾತ್ರ ನಿಧಾನಕ್ಕಾದರೂ ಒಣಗುತ್ತದೆ. ಆಂಧ್ರದ ಕಡೆ ಹೋದರೆ, 2023ರ ಡಿಸೆಂಬರ್ 5ಕ್ಕೆ ಬಾಪಟ್ಲದಲ್ಲಿ ದಡ ಹತ್ತಿದ ಮಿಚಾಂಗ್ ಹಾಗೆ, ಚೆನ್ನೈ ಮುಳುಗಿದರೂ ನಾವು ಟಿ.ವಿ. ನೋಡಿ ಅಯ್ಯೋ ಪಾಪ ಅನ್ನಬಹುದು, ಅಷ್ಟೆ.

ಬಲಕ್ಕೂ ನಮ್ಮ ಮಳೆಗೂ ಸಂಬಂಧ ಎಷ್ಟು ಸಡಿಲ ಎನ್ನುವುದಕ್ಕೆ 2019ರ ದೀಪಾವಳಿಗಿಂತ ಒಳ್ಳೆ ಉದಾಹರಣೆ ಇಲ್ಲ. ಕ್ಯಾರ್ ಅಕ್ಟೋಬರ್ 24, 25ರಲ್ಲಿ ಇನ್ನೂ ಎಳೆಯದು, ವಾಯುಭಾರ ಕುಸಿತದಿಂದ ಈಗಷ್ಟೇ ಚಂಡಮಾರುತ ಆಗುತ್ತಿತ್ತು. ಆದರೆ ರತ್ನಾಗಿರಿಯ ಹತ್ತಿರ, ಅಂದರೆ ನಮ್ಮ ವಾಯವ್ಯಕ್ಕೆ. ಸ್ವಾತಿ ಮಳೆ ಶುರುವಾಗುವ ಹೊತ್ತಿಗೆ ಕರಾವಳಿ, ಘಟ್ಟ ಎಲ್ಲ ತೊಯ್ದು ತೊಪ್ಪೆ. ಆಮೇಲೆ ಅದು ಒಮಾನ್ ಕಡೆ ತಿರುಗಿತು. 27ನೇ ತಾರೀಕು, ನರಕ ಚತುರ್ದಶಿಯ ದಿನ, ಅದು ಸೂಪರ್ ಸೈಕ್ಲೋನ್ ಆಯಿತು. ಗಂಟೆಗೆ 222 ಕಿ.ಮೀ. ದಾಟಿದ ಗಾಳಿ, ಅರಬ್ಬಿ ಸಮುದ್ರದಲ್ಲಿ 2007ರ ಗೋನು ಬಿಟ್ಟರೆ ಅಂಥದ್ದು ಇಲ್ಲ. ಟಿ.ವಿ.ಯಲ್ಲಿ ಅಬ್ಬರ ಏರಿದಷ್ಟೂ ನಮ್ಮ ಮಳೆ ಇಳಿಯುತ್ತಿತ್ತು. ಪಕ್ಕದ ಮನೆಯವರು ಸೂಪರ್ ಸೈಕ್ಲೋನ್ ಎಂಬ ಹೆಸರು ಕೇಳಿಯೇ ಸುಲಿಯುವ ಮೆಷಿನ್ ನಿಲ್ಲಿಸಿದ್ದರು. ನಾನು ಹೋಗಿ ಅಂಗಳದಲ್ಲಿ ಕಡ್ಡಿ ಹಿಡಿದು ಗೀಚಿದ್ದು ಆಗಲೇ. ಅಷ್ಟರಲ್ಲಿ ಲಕ್ಷದ್ವೀಪದ ಕಡೆ ಮಹಾ ಎದ್ದು ಒಂದೇ ಸಮುದ್ರದಲ್ಲಿ ಎರಡಾದವು, ಅದು ಬೇರೆ ಕತೆ.

2021ರ ಮೇ ತಿಂಗಳ ತೌಕ್ತೆ ದಡಕ್ಕೆ ಸಮನಾಗಿ ತೆಂಕಣದಿಂದ ಬಡಗಣಕ್ಕೆ ಏರುತ್ತ ಹೋಯಿತು. ಲಕ್ಷದ್ವೀಪದಲ್ಲಿ 14ಕ್ಕೆ ಹುಟ್ಟಿ, 15, 16ರಲ್ಲಿ ನಮ್ಮ ಎದುರು ಹಾದು, 17ರ ರಾತ್ರಿ ಗುಜರಾತಿನಲ್ಲಿ ದಡ ಹತ್ತಿತು. ಇಂಥದ್ದರಲ್ಲಿ ಮಗ್ಗುಲು ಗಂಟೆಗಂಟೆಗೆ ಬದಲಾಗುತ್ತದೆ: ಕೇಂದ್ರ ನಮ್ಮ ನೈಋತ್ಯದಲ್ಲಿದ್ದಾಗ ಆಗ್ನೇಯದ ಗಾಳಿ, ಎದುರಿಗೆ ಬಂದಾಗ ತೆಂಕಣ ಗಾಳಿ, ದಾಟಿ ಮೇಲೆ ಹೋದ ಮೇಲೆ ಸಮುದ್ರದ ಗಾಳಿ. "ದಾಟಿ ಹೋಯ್ತಲ್ಲ, ಇನ್ನೆಂತ ಹೆದರಿಕೆ" ಅಂತ ಅನ್ನುವುದು ಆ ಕಾರಣಕ್ಕೆ ತಪ್ಪು. ಲಾಕ್‌ಡೌನ್ ಕಾಲ ಬೇರೆ, ಬಿದ್ದ ಮರ ಕಡಿಯಲಿಕ್ಕೂ ಜನ ಸಿಗುತ್ತಿರಲಿಲ್ಲ.

ಈ ಮಗ್ಗುಲಿನ ಸೂತ್ರ ಕೆಲಸ ಮಾಡದ ಒಂದು ಬಗೆಯೂ ಇದೆ. 2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಹತ್ತಿರ ದಡ ಹತ್ತಿದ ಫೆಂಗಲ್. ಕೊಲ್ಲಿಯಲ್ಲಿದ್ದಷ್ಟು ದಿನ ನಮಗೆ ಒಣಗಾಳಿ, ಸೂತ್ರದ ಪ್ರಕಾರವೇ. ಆದರೆ ಅದು ದಡ ಹತ್ತಿದ ಮೇಲೆ ಕರಗಿ, ಬರೀ ವಾಯುಭಾರ ಕುಸಿತವಾಗಿ, ತಮಿಳುನಾಡನ್ನು ದಾಟಿ ಡಿಸೆಂಬರ್ 3ರ ಹೊತ್ತಿಗೆ ನಮ್ಮ ಕರಾವಳಿಯಾಚೆ ಅರಬ್ಬಿ ಸಮುದ್ರಕ್ಕೆ ಇಳಿಯಿತು. ಬಲ ಏನೂ ಉಳಿದಿರಲಿಲ್ಲ, ಹೆಸರೂ ಉಳಿದಿರಲಿಲ್ಲ. ಹೊತ್ತು ತಂದ ತೇವ ಮಾತ್ರ ಹಾಗೇ ಇತ್ತು. ಅನೂರಾಧ ಮುಗಿದು ಜ್ಯೇಷ್ಠೆ ಹಿಡಿಯುವ ಹೊತ್ತು, ಎಲ್ಲರ ಮನೆಯಲ್ಲೂ ಅಂಗಳದ ತುಂಬ ಅಡಿಕೆ. ಇಂಥದ್ದಕ್ಕೆ ಗಾಳಿಯ ನಕ್ಷೆ ಸಾಲದು. ಗಾಳಿಯ ಇಡೀ ಕಂಬದಲ್ಲಿ ಎಷ್ಟು ನೀರಾವಿ ಇದೆ ಎಂದು ತೋರಿಸುವ ಪಟವನ್ನು ಬೇರೆ ತೆರೆದು ನೋಡಬೇಕು. "ದುರ್ಬಲಗೊಂಡಿದೆ" ಎಂದು ಸುದ್ದಿಯಲ್ಲಿ ಬಂದರೆ ಗಾಳಿ ದುರ್ಬಲವಾಯಿತು ಎಂದು ಅರ್ಥ, ಮಳೆ ಅಲ್ಲ.

ಮಾಡೆಲ್‌ಗಳಿಗೆ ನಮ್ಮ ಘಟ್ಟ ಸರಿಯಾಗಿ ಗೊತ್ತಿಲ್ಲ ಎನ್ನುವುದೂ ತಲೆಯಲ್ಲಿರಬೇಕು. ಪುಕ್ಕಟೆ ಸಿಗುವ ಜಿ.ಎಫ್.ಎಸ್. ಅಂಕಿಗಳು ಸುಮಾರು 28 ಕಿ.ಮೀ.ಗೆ ಒಂದು ಚೌಕ, ಯುರೋಪಿನದು 9 ಕಿ.ಮೀ. ಸೋಮೇಶ್ವರದಿಂದ ಆಗುಂಬೆಗೆ ಹೇರ್‌ಪಿನ್ ತಿರುವುಗಳಲ್ಲಿ ಹತ್ತಿದವರಿಗೆ ಗೊತ್ತು, ಎಷ್ಟು ಕಡಿಮೆ ದೂರದಲ್ಲಿ ಎಷ್ಟು ಎತ್ತರ ಎಂದು. ಆ ಚೌಕದಲ್ಲಿ ಅದು ಮೆಲ್ಲಗೆ ಏರುವ ಇಳಿಜಾರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮೇಲೆ ಮಳೆ, ಪೂರ್ವಕ್ಕೆ ಶಿವಮೊಗ್ಗ ಪೇಟೆಗೆ ಹೋಗುವಷ್ಟರಲ್ಲಿ ಸಾವಿರದ ಆಸುಪಾಸಿಗೆ ಇಳಿದಿರುತ್ತದೆ. ಮಾಡೆಲ್ ಈ ವ್ಯತ್ಯಾಸವನ್ನು ಸವರಿ ಸಮ ಮಾಡುತ್ತದೆ. ಅದಕ್ಕೆ ನಾನು ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಮಳೆ ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ಮಾಡೆಲ್ 20 ಮಿ.ಮೀ. ಅಂದ ದಿನ, ಗಾಳಿ ಪಡುವಣದಿಂದ ಇದ್ದರೆ ಘಟ್ಟದ ಅಂಚಿನಲ್ಲಿ ಎಷ್ಟು ಬಿತ್ತು, ಮೂಡಣದಿಂದ ಇದ್ದರೆ ಎಷ್ಟು? ಬರೆದಿಡುತ್ತ ಹೋದರೆ ನಮ್ಮ ಊರಿನದೇ ಒಂದು ಗುಣಕ ಕೈಗೆ ಸಿಗುತ್ತದೆ.

ನಮ್ಮ ಅತ್ತೆಯವರಿಗೆ ಇಷ್ಟೆಲ್ಲ ಬೇಕಾಗಿರಲಿಲ್ಲ. ಬೆಳಿಗ್ಗೆ ಅಂಗಳದ ಟಾರ್ಪಾಲಿನ ಮೇಲೆ ಇಬ್ಬನಿ ಇದೆಯಾ ಎಂದು ಕೈಯಾಡಿಸಿ ನೋಡುವರು. ಚೆನ್ನಾಗಿ ಇಬ್ಬನಿ ಬಿದ್ದಿದ್ದರೆ ರಾತ್ರಿ ಆಕಾಶ ತಿಳಿಯಾಗಿತ್ತು, ಮೂಡಣದ ಒಣಗಾಳಿ ಮೇಲೆ ಇನ್ನೂ ಇದೆ ಎಂದೇ ಲೆಕ್ಕ. ಇಬ್ಬನಿ ಇಲ್ಲದೆ, ಸೆಕೆಯಾಗಿ, ಕೆಳಮೋಡ ಪಡುವಣದಿಂದ ಓಡಿದರೆ, "ನಿನ್ನ ಪಟದಲ್ಲಿ ಎಂತ ಇದ್ಯೋ ನಂಗೊತ್ತಿಲ್ಲ ಮಾರಾಯ್ತಿ, ಗಾಳಿ ತಿರುಗಿದೆ, ಅಡಿಕೆ ಒಳಗೆ ಹಾಕ್ಸು." ಅವರು ಹೇಳಿದ್ದರಲ್ಲಿ ವಿಜ್ಞಾನ ಪೂರ್ತಿ ಇತ್ತು. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಎಡಗೈ ಕಡೆ ಕಡಿಮೆ ಒತ್ತಡ ಇರುತ್ತದೆ ಎಂದು 1857ರಲ್ಲಿ ಬೈಸ್ ಬ್ಯಾಲಟ್ ಎಂಬ ಡಚ್ಚರವರು ಹೇಳಿದ ನಿಯಮವೂ ಇದೇ ಜಾತಿಯದು. ಕಣಿವೆಯ ಮನೆಯಂಗಳದಲ್ಲಿ ಅದನ್ನು ಪರೀಕ್ಷೆ ಮಾಡಲು ಹೋಗಬೇಡಿ, ಅಲ್ಲಿ ಗಾಳಿ ಹಳ್ಳ ಹೇಳಿದ ಹಾಗೆ ಕೇಳುತ್ತದೆ. ಕೆಳಮೋಡ ಯಾವ ಕಡೆ ಓಡುತ್ತದೆ ನೋಡಿ.

ಈಗಿನ ಎಷ್ಟೋ ಫೋನುಗಳಲ್ಲಿ ಒತ್ತಡ ಅಳೆಯುವ ಸೆನ್ಸರ್ ಇದೆ, ಬಹಳ ಜನರಿಗೆ ಅದು ಇರುವುದೇ ಗೊತ್ತಿಲ್ಲ. ನಮ್ಮ ಎತ್ತರದಲ್ಲಿ ಅದು 940 ಹೆಕ್ಟೋಪ್ಯಾಸ್ಕಲ್ (ಒತ್ತಡದ ಅಳತೆ) ಆಸುಪಾಸು ತೋರಿಸಿದರೆ ಗಾಬರಿ ಬೇಡ. ಮೇಲೆ ಹೋದ ಹಾಗೆ ಒಂಬತ್ತು ಮೀಟರಿಗೆ ಒಂದರಂತೆ ಇಳಿಯುತ್ತದೆ. ಇನ್ನೂ ಒಂದು ವಿಷಯ: ಚಂಡಮಾರುತ ಇರಲಿ ಬಿಡಲಿ, ನಮ್ಮ ಉಷ್ಣವಲಯದಲ್ಲಿ ಒತ್ತಡ ಬೆಳಿಗ್ಗೆ ಹತ್ತಕ್ಕೆ, ರಾತ್ರಿ ಹತ್ತಕ್ಕೆ ಏರಿ, ನಾಲ್ಕಕ್ಕೆ ಇಳಿಯುತ್ತದೆ. ದಿನದಲ್ಲಿ ಮೂರು ಹೆಕ್ಟೋಪ್ಯಾಸ್ಕಲ್ ಹಾಗೆ ಏರಿಳಿಯುವುದು ಮಾಮೂಲು. ದೂರದ ಚಂಡಮಾರುತದಿಂದ ಆಗುವ ಇಳಿತವೂ ಅಷ್ಟೇ. ಹಾಗಾಗಿ ಮಧ್ಯಾಹ್ನ ನೋಡಿ "ಬೆಳಿಗ್ಗೆಗಿಂತ ಇಳಿದಿದೆ" ಎನ್ನುವುದರಲ್ಲಿ ಅರ್ಥವಿಲ್ಲ. ಇವತ್ತಿನ ಹತ್ತು ಗಂಟೆಯದನ್ನು ನಿನ್ನೆಯ ಹತ್ತು ಗಂಟೆಯದರ ಜೊತೆ ಹಿಡಿದು ನೋಡಬೇಕು. ಎರಡು ದಿನ ಸತತ ಒಂದೂವರೆ ಎರಡು ಇಳಿದರೆ ನಾನು ಹಂಡೆಗೆ ಬೆಂಕಿ ಹಾಕಿಸುವ ಮುಂಚೆ ಇನ್ನೊಮ್ಮೆ ಯೋಚಿಸುತ್ತೇನೆ.

ಕೇಳಿದವರಿಗೆ ನಾನು "ಬರ್ತದೆ", "ಬರೂದಿಲ್ಲ" ಅನ್ನುವುದನ್ನು ಬಿಟ್ಟಿದ್ದೇನೆ. ನೂರಕ್ಕೆ ಇಷ್ಟು ಎಂದು ಹೇಳುತ್ತೇನೆ, ಬರೆದೂ ಇಡುತ್ತೇನೆ. ಮೂವತ್ತು ಅಂದ ದಿನಗಳನ್ನೆಲ್ಲ ಸೀಸನ್ ಮುಗಿದ ಮೇಲೆ ಒಟ್ಟು ಮಾಡಿ, ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ದಿನ ಮಳೆ ಬಂದಿದ್ದರೆ ಊಹೆ ಸರಿ ಇದೆ ಎಂದು. ಮೊದಮೊದಲು ಜನಕ್ಕೆ ಸಿಟ್ಟು ಬರುತ್ತಿತ್ತು, "ಮೂವತ್ತು ಅಂದ್ರೆ ಬೇಯಿಸ್ಲಾ ಬ್ಯಾಡ್ವಾ ಹೇಳಿ ಅಕ್ಕಾ" ಎಂದು. ಅದಕ್ಕೆ ಉತ್ತರ ಅವರವರ ಮನೆಯಲ್ಲಿದೆ. ಡ್ರೈಯರ್ ಇದ್ದವರು ಮೂವತ್ತಕ್ಕೆ ಹೆದರಬೇಕಿಲ್ಲ. ಬರೀ ಅಂಗಳ ನಂಬಿದವರು ಇಪ್ಪತ್ತಕ್ಕೇ ನಿಲ್ಲಿಸುವುದು ಒಳ್ಳೆಯದು, ಎರಡು ದಿನ ಕೊನೆ ಮರದಲ್ಲೇ ಇದ್ದರೆ ನಷ್ಟ ಸಣ್ಣದು. ಕೊನೆ ಆಗಲೇ ಬಲಿತಿದ್ದರೆ ಲೆಕ್ಕ ಮತ್ತೆ ತಿರುಗುತ್ತದೆ. ಮೀನುಗಾರಿಕೆಗೆ ಹೋಗುವ ನೆಂಟರು ಕೇಳಿದರೆ ಮಾತ್ರ ನಾನು ಅಂಕಿ ಹೇಳುವುದೇ ಇಲ್ಲ. ಇಲಾಖೆ ಬೇಡ ಅಂದರೆ ಬೇಡ, ಅಷ್ಟೆ. ಅಡಿಕೆ ಒದ್ದೆಯಾದರೆ ಮತ್ತೆ ಒಣಗಿಸಬಹುದು.

ಹವ್ಯಾಸಿಗಳಿಂದ ಎಂತ ಆಗ್ತದೆ ಎನ್ನುವವರಿಗೆ ನಾನು ಹೆನ್ರಿ ಪಿಡಿಂಗ್ಟನ್‌ನ ಹೆಸರು ಹೇಳುತ್ತೇನೆ. ಹಿಂದೆ ಹಡಗಿನ ಕಪ್ತಾನನಾಗಿದ್ದು ಆಮೇಲೆ ಕಲ್ಕತ್ತೆಯಲ್ಲಿ ನೆಲೆಸಿದವನು. ಹವಾಮಾನ ಅವನ ಉದ್ಯೋಗವಲ್ಲ. ಬಂದರಿಗೆ ಬಂದ ಹಡಗುಗಳ ಲಾಗ್ ಪುಸ್ತಕ ಕಲೆಹಾಕಿ, ಯಾವ ಹೊತ್ತಿಗೆ ಯಾವ ಜಾಗದಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸಿತು, ಬ್ಯಾರೋಮೀಟರ್ ಎಷ್ಟಿತ್ತು ಎಂದು ಜೋಡಿಸಿ, ಕೊಲ್ಲಿಯ ಬಿರುಗಾಳಿಗಳ ದಾರಿಯನ್ನು ನಕ್ಷೆಯಲ್ಲಿ ಬಿಡಿಸಿದ. ಸುಂದರಬನದಂಚಿನ ಮಾತ್ಲಾ ನದಿಯಲ್ಲಿ ಹೊಸ ಬಂದರು ಕಟ್ಟಬೇಡಿ, ಚಂಡಮಾರುತದ ನೀರು ಏರಿ ಬರುತ್ತದೆ ಎಂದು 1853ರಲ್ಲಿ ಗವರ್ನರ್ ಜನರಲ್‌ಗೇ ಪತ್ರ ಬರೆದ. ಅವರು ಪೋರ್ಟ್ ಕ್ಯಾನಿಂಗ್ ಕಟ್ಟಿದರು. 1867ರ ನವೆಂಬರ್‌ನಲ್ಲಿ ನೀರು ಬಂತು, ಬಂದರು ಹಾಳಾಯಿತು. ಪಿಡಿಂಗ್ಟನ್ 1858ರಲ್ಲೇ ತೀರಿಕೊಂಡಿದ್ದ.

ಅವನ ಹತ್ತಿರ ಉಪಗ್ರಹ ಇರಲಿಲ್ಲ, ಬೇರೆ ಬೇರೆ ಜಾಗದಲ್ಲಿ ನಿಂತು ಬರೆದವರಿದ್ದರು. ನನಗೆ ಈಗ ಕಡಿಮೆ ಬಿದ್ದಿರುವುದು ಅದೇ. ಘಟ್ಟದ ಕೆಳಗೆ ಹೆಬ್ರಿ, ಸಿದ್ದಾಪುರ, ಕುಂದಾಪುರದ ಕಡೆಯವರು, ಮೇಲೆ ಹುಲಿಕಲ್, ನಗರ, ಮೇಗರವಳ್ಳಿಯ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಚಿತ್ತೆ ಮಳೆ ಶುರುವಾದ ಮೇಲೆ ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಫೋನಿನ ಒತ್ತಡ, ಕೆಳಮೋಡ ಓಡುವ ದಿಕ್ಕು, ಬೆಳಿಗ್ಗೆ ಇಬ್ಬನಿ ಇತ್ತೋ ಇಲ್ಲವೋ, ಇಷ್ಟು ಬರೆದು ಕಳಿಸಿ. ಮನೆ ಎಷ್ಟು ಎತ್ತರದಲ್ಲಿದೆ ಎಂದು ಒಮ್ಮೆ ಹೇಳಿದರೆ ಸಾಕು. ಆ್ಯಪ್‌ನ ಸ್ಕ್ರೀನ್‌ಶಾಟ್ ಮಾತ್ರ ಕಳಿಸಬೇಡಿ, ಅದು ನನ್ನ ಹತ್ತಿರವೂ ಇದೆ.